ಹಿಮ ಬೀಳದ ಸೀಮೆಯಲ್ಲಿ ಲಾರಿಯ ಜಾರುದಾರಿ

ನಮ್ಮ ಭಾಷೆಯಲ್ಲಿ ಮಂಜು ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತದೆ. ಧನುರ್ಮಾಸದ ಬೆಳಗಿನಲ್ಲಿ ಗದ್ದೆಯ ಮೇಲೆ ಕವಿದು ನಿಲ್ಲುವುದೂ ಮಂಜೇ. ಹಿಮಾಲಯದ ದಾರಿಗಳನ್ನು ತಿಂಗಳುಗಟ್ಟಲೆ ಮುಚ್ಚಿಬಿಡುವುದೂ ಮಂಜೇ. ಮೊದಲನೆಯದನ್ನು ಕಂಪ್ಲಿಯವರು ವರ್ಷವರ್ಷವೂ ಕಾಣುತ್ತಾರೆ. ಎರಡನೆಯದು ಹೊಸಪೇಟೆಗೂ ಸಂಡೂರಿಗೂ ಎಂದೂ ಬಂದದ್ದಿಲ್ಲ, ಬರುವಂತೆಯೂ ಇಲ್ಲ. ಹಾಗಾದರೆ ಹಿಮದ ಮೇಲೆ ಲಾರಿ ಓಡಿಸುವ ವಿದ್ಯೆಯ ಮಾತು ನಮಗೇತಕ್ಕೆ ಎಂದು ನೀವು ಕೇಳಬಹುದು.

ಹಿಮದ ನಾಡಿನಲ್ಲಿ ಸರಕು ಸಾಗಿಸುವವರು ಗಾಲಿಗೆ ಸರಪಣಿ ಸುತ್ತುತ್ತಾರೆ, ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಮುಂದಿನ ಗಾಡಿಗೂ ತಮ್ಮ ಗಾಡಿಗೂ ನಡುವೆ ಬಹಳ ಅಂತರ ಬಿಟ್ಟುಕೊಂಡು ನಿಧಾನವಾಗಿ ಸಾಗುತ್ತಾರೆ. ಹಿಮವು ಅವರಿಂದ ಕಸಿದುಕೊಳ್ಳುವುದು ಎರಡನ್ನು: ಗಾಲಿಗೆ ನೆಲದ ಮೇಲಿರುವ ಹಿಡಿತ, ಮತ್ತು ಚಾಲಕನ ನೋಟ. ಈ ಎರಡನ್ನೂ ನಮ್ಮ ಸೀಮೆಯಲ್ಲಿ ಬೇರೆ ವಸ್ತುಗಳು ಕಸಿದುಕೊಳ್ಳುತ್ತವೆ. ಸಂಡೂರಿನ ಕೆಂಪು ದೂಳು ಇಬ್ಬನಿಗೋ ಮೊದಲ ಮಳೆಗೋ ನೆನೆದಾಗ ಹಿಡಿತವನ್ನು ಕಸಿಯುತ್ತದೆ. ಒಣಗಿದ್ದಾಗ ಅದೇ ದೂಳು ನೋಟವನ್ನು ಕಸಿಯುತ್ತದೆ. ಕಾಲುವೆಯ ಬಯಲಿನ ಮಂಜು ಎರಡನ್ನೂ ಕಸಿಯಬಲ್ಲದು. ಸರಪಣಿ, ಉಪ್ಪು ನಮಗೆ ಬೇಡ. ಆದರೆ ಅಂತರ ಮತ್ತು ನಿಧಾನ ಎಂಬ ಮೂರನೆಯ ಉಪಾಯ ಎಲ್ಲ ನಾಡಿಗೂ ಒಂದೇ.

ಮೊದಲು ಹಿಡಿತದ ಸಂಗತಿ. ಲಾರಿಯ ಟಯರು ಸೊಂಟದೆತ್ತರಕ್ಕೆ ಹತ್ತಿರವಿದ್ದರೂ ನೆಲಕ್ಕೆ ತಾಗುವ ಭಾಗ ಬಹಳ ಚಿಕ್ಕದು, ಎರಡು ಮೂರು ಅಂಗೈ ಅಗಲ ಅಷ್ಟೇ. ಹತ್ತು ಗಾಲಿಯ ಲಾರಿ ಇಪ್ಪತ್ತೈದು ಟನ್ನು ತೂಗುತ್ತಿದ್ದರೂ ಅದು ರಸ್ತೆಯನ್ನು ಹಿಡಿದುಕೊಂಡಿರುವುದು ಇಂಥ ಹತ್ತು ತುಂಡು ರಬ್ಬರಿನಿಂದ. ಬ್ರೇಕು ಗಾಲಿಯನ್ನು ಮಾತ್ರ ತಡೆಯುತ್ತದೆ. ಲಾರಿಯನ್ನು ತಡೆಯುವುದು ಆ ರಬ್ಬರಿಗೂ ನೆಲಕ್ಕೂ ನಡುವಿನ ಘರ್ಷಣೆ. ಆ ಎರಡರ ನಡುವೆ ನೀರು, ಎಣ್ಣೆ, ಕೆಸರು, ದೂಳು, ಹುಲ್ಲು ಏನೇ ಸೇರಿಕೊಂಡರೂ ಬ್ರೇಕು ಎಷ್ಟೇ ಗಟ್ಟಿಯಾಗಿರಲಿ ಕೆಲಸ ಕೆಡುತ್ತದೆ.

ಒಂದು ಲೆಕ್ಕ ನೋಡೋಣ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ಲಾರಿ ಒಂದು ಸೆಕೆಂಡಿಗೆ ಹದಿನಾರೂವರೆ ಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ಅಡ್ಡ ಬಂದದ್ದನ್ನು ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಬ್ರೇಕಿಗೆ ಹೋಗುವುದಕ್ಕೆ ಒಂದೂವರೆ ಸೆಕೆಂಡು ಹಿಡಿಯುತ್ತದೆ ಎನ್ನಿ. ಅಷ್ಟರಲ್ಲೇ 25 ಮೀಟರು ಹೋಗಿರುತ್ತದೆ. ಒಣಗಿದ ಒಳ್ಳೆಯ ಟಾರು ರಸ್ತೆಯಲ್ಲಿ ಆಮೇಲೆ ನಿಲ್ಲುವುದಕ್ಕೆ ಇನ್ನೂ ಸುಮಾರು 24 ಮೀಟರು ಬೇಕು, ಒಟ್ಟು 49. ಅದೇ ರಸ್ತೆ ಒದ್ದೆಯಾಗಿದ್ದರೆ ಒಟ್ಟು 60 ಮೀಟರು. ಗಟ್ಟಿಯಾಗಿ ತುಳಿದ ಹಿಮದ ಮೇಲಾದರೆ 80 ಮೀಟರನ್ನೂ ದಾಟುತ್ತದೆ. ನುಣ್ಣನೆಯ ಅದಿರಿನ ಕೆಸರು ಒದ್ದೆ ಟಾರಿಗಿಂತ ಕೀಳು. ಅಲ್ಲಿ ಲಾರಿ ಎಷ್ಟು ದೂರ ಹೋಗಿ ನಿಂತೀತೆಂದು ಅದನ್ನು ನಡೆಸುವವನಿಗೂ ಹೇಳಲಾಗದು. ಈಗ ವೇಗವನ್ನು ಅರ್ಧಕ್ಕೆ ಇಳಿಸಿ ನೋಡಿ. ಒದ್ದೆ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರಿನ ಲಾರಿ ಯೋಚನೆಯ ಹೊತ್ತೂ ಸೇರಿ ಸುಮಾರು 21 ಮೀಟರಿನಲ್ಲಿ ನಿಲ್ಲುತ್ತದೆ. ವೇಗ ಅರ್ಧವಾದರೆ ಬ್ರೇಕು ಹಾಕಿದ ಮೇಲಿನ ಓಟ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಲಾರಿಯ ಸುರಕ್ಷತೆಯಲ್ಲಿ ಇದಕ್ಕಿಂತ ಲಾಭದ ವ್ಯಾಪಾರ ಇನ್ನೊಂದಿಲ್ಲ.

ಇನ್ನು ಆ ಕೆಂಪು ದೂಳಿನ ಕಥೆ. ಸಂಡೂರಿನ ಗುಡ್ಡಗಳಲ್ಲಿ ಮ್ಯಾಂಗನೀಸನ್ನೂ ಕಬ್ಬಿಣದ ಅದಿರನ್ನೂ ತೆಗೆಯುವ ಕೆಲಸ ಹಳೆಯದು. ಈಗಲೂ ನಡೆಯುತ್ತಿರುವ ಸಂಡೂರಿನ ಮ್ಯಾಂಗನೀಸ್ ಮತ್ತು ಕಬ್ಬಿಣ ಅದಿರಿನ ಕಂಪನಿ ಸ್ಥಾಪನೆಯಾದದ್ದು 1954ರಲ್ಲಿ. ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ದೋಣಿಮಲೆ ಗಣಿ 1977ರಲ್ಲಿ ಕೆಲಸ ಆರಂಭಿಸಿತು. ಆದರೆ ರಸ್ತೆಯ ಬಣ್ಣವೇ ಬದಲಾದದ್ದು ಈ ಶತಮಾನದ ಮೊದಲ ದಶಕದಲ್ಲಿ, ಚೀನಾ ದೇಶದಿಂದ ಅದಿರಿಗೆ ಬೇಡಿಕೆ ಏರಿದಾಗ. ಹೊಸಪೇಟೆಯಿಂದ ಹುಬ್ಬಳ್ಳಿಯ ಮೇಲೆ ಅಂಕೋಲೆಯವರೆಗೆ, ಕರಾವಳಿಯ ಬಂದರುಗಳವರೆಗೆ ಲಾರಿಗಳ ಸಾಲು ಹಗಲೂ ರಾತ್ರಿಯೂ ಕಡಿಯುತ್ತಿರಲಿಲ್ಲ. ರಸ್ತೆಯ ಬದಿಯ ಬೇವಿನ ಮರ, ಅಂಗಡಿಯ ಹಲಗೆ, ಒಣಹಾಕಿದ ಬಟ್ಟೆ, ಎಲ್ಲವೂ ಕಾವಿ ಬಳಿದಂತೆ ಕಾಣುತ್ತಿದ್ದ ಆ ದಿನಗಳು ಹೊಸಪೇಟೆ, ಸಂಡೂರುಗಳ ಗೃಹಿಣಿಯರಿಗೆ ಚೆನ್ನಾಗಿ ನೆನಪಿರುತ್ತವೆ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ತಡೆಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಬಳಿಕ ಕಟ್ಟುಪಾಡುಗಳೊಡನೆ, ಮಿತಿಯೊಡನೆ ಗಣಿಗಳು ಮತ್ತೆ ತೆರೆದವು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಗುಡ್ಡದಿಂದ ಅದಿರನ್ನು ಒಯ್ಯುವ ಉದ್ದನೆಯ ಕನ್ವೇಯರ್ ಪಟ್ಟಿ ಬಂದಿದೆ, ರೈಲೂ ಉಂಟು. ಆದರೂ ಲಾರಿ ನಿಂತಿಲ್ಲ, ದೂಳೂ ನಿಂತಿಲ್ಲ.

ಅದಿರಿನ ಪುಡಿ ಒಣಗಿದ್ದಾಗ ಟಾರಿನ ಮೇಲೆ ಸಣ್ಣ ಸಾಸಿವೆ ಹರಡಿದಂತೆ. ನಡೆದು ಹೋಗುವವರಿಗೆ ಗೊತ್ತಾಗುವುದಿಲ್ಲ. ತಿರುವಿನಲ್ಲಿ ಬ್ರೇಕು ಒತ್ತಿದ ಸ್ಕೂಟರಿನವರಿಗೆ ತಕ್ಷಣ ಗೊತ್ತಾಗುತ್ತದೆ. ಚಳಿಗಾಲದ ಬೆಳಗಿನಲ್ಲಿ ಇಬ್ಬನಿ ಬಿದ್ದು ಈ ಪುಡಿ ನೆನೆದರೆ ತೆಳ್ಳನೆಯ ಲೇಪವಾಗುತ್ತದೆ. ರಸ್ತೆ ಒದ್ದೆಯಾದಂತೆ ಕಾಣುವುದಿಲ್ಲ, ಕೊಂಚ ಕಪ್ಪೇರಿದಂತೆ ಮಾತ್ರ ಕಾಣುತ್ತದೆ; ಮೋಸವಿರುವುದೇ ಅಲ್ಲಿ. ಬಿಸಿಲೇರಿ ಆ ಲೇಪ ಆರುವವರೆಗೆ ಲಾರಿಯವರು ಅದನ್ನು ಮಳೆಯ ರಸ್ತೆಯೆಂದೇ ಎಣಿಸಬೇಕು. ಮಳೆಯ ವಿಚಾರದಲ್ಲಿಯೂ ಜನರ ಎಣಿಕೆ ತಲೆಕೆಳಗಾಗಿದೆ. ಜೋರು ಮಳೆ ಹೊಯ್ದು ರಸ್ತೆ ತೊಳೆದುಹೋದ ಮೇಲೆ ಹಿಡಿತ ಸ್ವಲ್ಪ ಮರಳಿ ಬರುತ್ತದೆ. ಅತಿ ಅಪಾಯದ ಹೊತ್ತೆಂದರೆ ಬಹಳ ದಿನ ಒಣಗಿದ ರಸ್ತೆಯ ಮೇಲೆ ನಾಲ್ಕು ಹನಿ ಬಿದ್ದ ಮೊದಲ ಕೆಲವು ನಿಮಿಷ. ಆಗ ದೂಳು, ಇಂಜಿನ್ನಿನಿಂದ ತೊಟ್ಟಿಕ್ಕಿದ ಎಣ್ಣೆ, ಸವೆದ ರಬ್ಬರಿನ ಪುಡಿ ಎಲ್ಲವೂ ನೀರಿನೊಡನೆ ಕಲಸಿಕೊಳ್ಳುತ್ತವೆ, ಹರಿದುಹೋಗುವುದಿಲ್ಲ. ದೂಳಡಗಿಸಲೆಂದು ಟ್ಯಾಂಕರಿನಿಂದ ನೀರು ಚಿಮುಕಿಸುವ ದಾರಿಗಳಲ್ಲಿ ಈ ಮೊದಲ ಮಳೆ ದಿನಕ್ಕೆ ಹಲವು ಸಲ ಬರುತ್ತದೆ ಎನ್ನಬೇಕು. ದೂಳಡಗಿಸುವುದು ಊರಿನ ಆರೋಗ್ಯಕ್ಕೆ ಬೇಕಾದ ಕೆಲಸವೇ ಸರಿ. ಆದರೆ ಟ್ಯಾಂಕರಿನ ಹಿಂದೆಯೇ ವೇಗವಾಗಿ ಬರುವ ಲಾರಿಗೆ ಅದು ಸಾಬೂನಿನ ನೀರು. ಗಣಿಯ ಮಣ್ಣುದಾರಿ ಟಾರು ರಸ್ತೆಯನ್ನು ಸೇರುವ ಜಾಗವೂ ಹಾಗೆಯೇ. ಗಾಲಿಗಳು ಹೊತ್ತು ತಂದ ಕೆಸರು ಅಲ್ಲಿ ಮಳೆ ಬಿಟ್ಟ ಎಷ್ಟೋ ಹೊತ್ತಿನ ಮೇಲೂ ಉಳಿದಿರುತ್ತದೆ.

ಗಾಲಿ ಜಾರತೊಡಗಿದರೆ ಏನು ಮಾಡಬೇಕು? ಹೆದರಿ ಬ್ರೇಕನ್ನು ತುಳಿದೇ ಹಿಡಿಯುವುದು ಮನುಷ್ಯನ ಸಹಜ ಗುಣ. ಆದರೆ ಉರುಳುವ ಗಾಲಿಗೆ ಹಿಡಿತವೂ ಉಂಟು, ದಿಕ್ಕೂ ಉಂಟು. ಬಿಗಿದು ನಿಂತು ಉಜ್ಜಿಕೊಂಡು ಹೋಗುವ ಗಾಲಿಗೆ ದಿಕ್ಕಿಲ್ಲ. ಸ್ಟೇರಿಂಗ್ ಎತ್ತ ತಿರುಗಿಸಿದರೂ ಲಾರಿ ತನ್ನ ದಾರಿಯನ್ನೇ ಹಿಡಿಯುತ್ತದೆ. 2015ರಿಂದ ಹೊಸ ಭಾರೀ ಲಾರಿಗಳಿಗೆ ಗಾಲಿ ಬಿಗಿಯದಂತೆ ಕಾಯುವ ಎ.ಬಿ.ಎಸ್. ಸಾಧನ ಕಡ್ಡಾಯವಾಗಿದೆ. ಅದಿಲ್ಲದ ಹಳೆಯ ಲಾರಿಯಲ್ಲಿ ಚಾಲಕನ ಕಾಲೇ ಆ ಸಾಧನ: ಒತ್ತಬೇಕು, ಗಾಲಿ ಬಿಗಿದೊಡನೆ ಸಡಿಲಿಸಬೇಕು, ಮತ್ತೆ ಒತ್ತಬೇಕು. ಖಾಲಿ ಲಾರಿ ಹಗುರವೆಂದು ವೇಗವಾಗಿ ಮರಳುವವರಿಗೆ ಒಂದು ಎಚ್ಚರಿಕೆ. ಲಾರಿಯ ಹಿಂದಿನ ಬ್ರೇಕು ಹೇರಿಗೆ ತಕ್ಕಂತೆ ಮಾಡಿದ್ದು. ಹೇರಿಲ್ಲದಾಗ ಹಿಂದಿನ ಗಾಲಿಗಳು ಬೇಗ ಬಿಗಿದು, ಬಾಲ ಪಕ್ಕಕ್ಕೆ ತಿರುಗುತ್ತದೆ.

ಸಮನೆಲದ ಮಾತು ಇಷ್ಟಾಯಿತು. ಸಂಡೂರಿನ ಕಡೆಗೆ ಹೋದರೆ ಸಮನೆಲ ಕಡಿಮೆ. ರಾಮಗಡ, ಕುಮಾರಸ್ವಾಮಿ ಬೆಟ್ಟ, ದೋಣಿಮಲೆ ಎಲ್ಲಿ ನೋಡಿದರೂ ಏರು, ಇಳಿಜಾರು, ತಿರುವು. ಅದಿರು ಗುಡ್ಡದ ಮೇಲೆ, ರೈಲೂ ಹೆದ್ದಾರಿಯೂ ಕೆಳಗೆ. ಆದ್ದರಿಂದ ಇಲ್ಲಿನ ಲಾರಿ ಖಾಲಿಯಾಗಿ ಹತ್ತುತ್ತದೆ, ತುಂಬಿ ಇಳಿಯುತ್ತದೆ. ಹತ್ತುವಾಗ ಸೋತರೆ ಲಾರಿ ನಿಲ್ಲುತ್ತದೆ ಅಷ್ಟೇ. ಇಳಿಯುವಾಗ ಸೋತರೆ ನಿಲ್ಲುವುದಿಲ್ಲ.

ಇಳಿಯುವ ಲಾರಿಯ ಬ್ರೇಕಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳಬಹುದು. ಒಟ್ಟು ಇಪ್ಪತ್ತೈದು ಟನ್ನು ತೂಗುವ ಲಾರಿ 300 ಮೀಟರು ಎತ್ತರದಿಂದ ಕೆಳಕ್ಕೆ ಬಂದಿತು ಎನ್ನಿ. ಇಳಿಯುವಾಗ ಬಿಡುಗಡೆಯಾದ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಅದನ್ನೆಲ್ಲ ಬ್ರೇಕಿನಿಂದಲೇ ತಡೆದರೆ ಅಷ್ಟೂ ಕಾವಾಗುತ್ತದೆ. ಎಷ್ಟು ಕಾವು? ಸುಮಾರು 250 ಲೀಟರು ತಣ್ಣೀರನ್ನು ಕುದಿಸುವಷ್ಟು. ಮದುವೆಮನೆಯ ದೊಡ್ಡ ಹಂಡೆಗಳನ್ನು ನೆನೆಸಿಕೊಳ್ಳಿ. ಅಷ್ಟು ಬೆಂಕಿ ಆರೆಂಟು ಬ್ರೇಕು ಡ್ರಮ್ಮುಗಳೊಳಗೆ ಕೆಲವೇ ನಿಮಿಷಗಳಲ್ಲಿ ಹುಟ್ಟುತ್ತದೆ. ಡ್ರಮ್ಮು ಕಾದು ಹಿಗ್ಗುತ್ತದೆ, ಲೈನಿಂಗಿನ ಹಿಡಿತ ಕುಂದುತ್ತದೆ, ಸುಟ್ಟ ವಾಸನೆ ಬರುತ್ತದೆ. ಆಮೇಲೆ ಪೆಡಲು ಎಷ್ಟು ಒತ್ತಿದರೂ ಲಾರಿ ಕೇಳುವುದಿಲ್ಲ. ಬ್ರೇಕು ಫೇಲಾಯಿತು ಎಂದು ನಾವು ಪತ್ರಿಕೆಯಲ್ಲಿ ಓದುವ ಎಷ್ಟೋ ಸಂದರ್ಭಗಳಲ್ಲಿ ಬ್ರೇಕು ಮುರಿದಿರುವುದಿಲ್ಲ, ಬೆಂದುಹೋಗಿರುತ್ತದೆ.

ಇದಕ್ಕೆ ಮದ್ದು ಹಳೆಯದು, ಬಿಟ್ಟಿಯದು. ಯಾವ ಗೇರಿನಲ್ಲಿ ಆ ಗುಡ್ಡವನ್ನು ತುಂಬಿದ ಲಾರಿ ಹತ್ತುತ್ತಿತ್ತೋ ಅದೇ ಗೇರಿನಲ್ಲಿ, ಇಲ್ಲವೆ ಅದಕ್ಕಿಂತ ಒಂದು ಕೆಳಗಿನ ಗೇರಿನಲ್ಲಿ ಇಳಿಯಬೇಕು. ಆಗ ಇಂಜಿನ್ನೇ ಲಾರಿಯನ್ನು ಹಿಡಿದೆಳೆಯುತ್ತದೆ, ಬ್ರೇಕಿಗೆ ಕೆಲಸ ಕಡಿಮೆ. ಆ ಗೇರನ್ನು ಇಳಿಜಾರು ಆರಂಭವಾಗುವ ಮೊದಲೇ ಹಾಕಿಕೊಂಡಿರಬೇಕು. ವೇಗ ಏರಿದ ಮೇಲೆ ಹಾಕಹೋದರೆ ಗೇರು ಕೂಡುವುದಿಲ್ಲ, ಲಾರಿ ನ್ಯೂಟ್ರಲ್ಲಿನಲ್ಲಿ ಉಳಿದುಬಿಡುತ್ತದೆ. ಡೀಸೆಲು ಉಳಿಯಲಿ ಎಂದು ಬೇಕೆಂದೇ ನ್ಯೂಟ್ರಲ್ಲಿಗೆ ಹಾಕಿ ಇಳಿಜಾರಿನಲ್ಲಿ ತೇಲಿಬಿಡುವವರೂ ಉಂಟು. ಹೀಗೆ ಉಳಿಸಿದ ಎಣ್ಣೆಯಿಂದ ಯಾವ ಮಾಲೀಕನೂ ಶ್ರೀಮಂತನಾಗಿಲ್ಲ. ಗಾಳಿ ಬ್ರೇಕಿನ ಲಾರಿಯಲ್ಲಿ ಇನ್ನೊಂದು ತೊಡಕು: ಮೇಲಿಂದ ಮೇಲೆ ಪೆಡಲು ತುಳಿದಷ್ಟೂ ಟ್ಯಾಂಕಿನ ಗಾಳಿ ಖರ್ಚಾಗುತ್ತದೆ. ಮುಳ್ಳು ಕೆಳಗಿಳಿದದ್ದನ್ನು ಕಂಡರೆ ಒಳ್ಳೆಯ ಜಾಗ ನೋಡಿ ನಿಲ್ಲಿಸಿ, ಗಾಳಿ ತುಂಬುವವರೆಗೆ ಕಾಯುವುದೇ ಜಾಣತನ.

ಹೇರಿನ ವಿಚಾರದಲ್ಲಿ ಒಂದು ತಪ್ಪು ನಂಬಿಕೆ ಲಾರಿ ನಿಲ್ದಾಣಗಳಲ್ಲಿ ಬಹಳ ಕಾಲದಿಂದ ಇದೆ. ಭಾರ ಹೆಚ್ಚಿದ್ದರೆ ಲಾರಿ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ, ಜಾರುವುದಿಲ್ಲ ಎಂಬುದೇ ಅದು. ಭಾರದಿಂದ ಹಿಡಿತ ಹೆಚ್ಚುತ್ತದೆ, ನಿಜ. ಆದರೆ ತಡೆಯಬೇಕಾದ ಭಾರವೂ ಅಷ್ಟೇ ಹೆಚ್ಚಿರುತ್ತದೆ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಬ್ರೇಕಿನ ಕಾವಿನಲ್ಲಂತೂ ನಷ್ಟವೇ. ಮೇಲಿನ ಲೆಕ್ಕದಲ್ಲಿ ಹತ್ತು ಟನ್ನು ಹೆಚ್ಚು ಹೇರಿದರೆ ಇನ್ನೂ 100 ಲೀಟರು ನೀರು ಕುದಿಸುವ ಬೆಂಕಿ ಅದೇ ಡ್ರಮ್ಮುಗಳ ಮೇಲೆ ಬೀಳುತ್ತದೆ. ಅದಿರು ಕಣ್ಣಿಗೂ ಮೋಸ ಮಾಡುವ ವಸ್ತು. ಒಂದು ಘನ ಮೀಟರು ಭತ್ತ ಆರುನೂರು ಕಿಲೋ ಆಸುಪಾಸು ತೂಗಿದರೆ, ಅದೇ ಅಳತೆಯ ಅದಿರು ಎರಡೂವರೆ ಟನ್ನಿನ ಹತ್ತಿರ ತೂಗುತ್ತದೆ. ಲಾರಿಯ ತೊಟ್ಟಿ ಅರ್ಧ ಖಾಲಿಯಾಗಿ ಕಂಡರೂ ಹೇರು ತುಂಬಿರುತ್ತದೆ. ಭತ್ತದ್ದೋ ಹುಲ್ಲಿನದ್ದೋ ಲಾರಿಗೆ ಇನ್ನೊಂದು ಕಷ್ಟ: ಅದರ ಹೇರು ಎತ್ತರ, ಆದ್ದರಿಂದ ತಿರುವಿನಲ್ಲಿ ಮಗುಚುವ ಭಯ. ಅದಿರಿನವರು ಇಳಿಜಾರಿಗೆ ಅಂಜಬೇಕು, ಹುಲ್ಲಿನವರು ತಿರುವಿಗೆ.

ಕಾನೂನು ಅಚ್ಚಿಗೆ ಇಷ್ಟೇ ಭಾರ ಎಂದು ಗೊತ್ತುಮಾಡಿದೆ. ನಾಲ್ಕು ಟಯರುಗಳ ಒಂಟಿ ಅಚ್ಚಿನ ಮಿತಿ ಹಿಂದೆ 10.2 ಟನ್ನು ಇದ್ದದ್ದನ್ನು 2018ರಲ್ಲಿ 11.5ಕ್ಕೆ ಏರಿಸಲಾಯಿತು. ಮಿತಿ ಮೀರಿದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ ಇಪ್ಪತ್ತು ಸಾವಿರ ರೂಪಾಯಿ ದಂಡವನ್ನೂ, ಹೆಚ್ಚಿನ ಪ್ರತಿ ಟನ್ನಿಗೆ ಎರಡು ಸಾವಿರವನ್ನೂ ಹೇಳುತ್ತದೆ. ದಂಡ ಕಟ್ಟಿದ ಮಾತ್ರಕ್ಕೆ ಲಾರಿಯ ಬ್ರೇಕಿಗೆ ಹೊಸ ಶಕ್ತಿ ಬರುವುದಿಲ್ಲವಾದ್ದರಿಂದ, ಹೆಚ್ಚಿನ ಹೇರನ್ನು ಅಲ್ಲೇ ಇಳಿಸಿ ಹೋಗಬೇಕೆಂಬ ನಿಯಮವನ್ನೂ ಕಾಯಿದೆ ಇಟ್ಟಿದೆ.

ಸಂಡೂರಿನಿಂದ ಕಂಪ್ಲಿಗೆ ಬಂದರೆ ಗುಡ್ಡವಿಲ್ಲ, ಅದಿರಿಲ್ಲ, ನೀರು ಉಂಟು. ವಿಜಯನಗರದ ಕಾಲದ ಕಾಲುವೆಗಳೂ, 1953ರಲ್ಲಿ ನೀರು ತುಂಬತೊಡಗಿದ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳೂ ಸೇರಿ ಈ ಬಯಲನ್ನು ಗದ್ದೆ, ಕಬ್ಬು, ಬಾಳೆಗಳ ನಾಡಾಗಿ ಮಾಡಿವೆ. ಚಳಿಗಾಲದ ರಾತ್ರಿ ಆಕಾಶ ತಿಳಿಯಾಗಿ, ಗಾಳಿ ಅಡಗಿದಾಗ ನೆಲ ತನ್ನ ಕಾವನ್ನು ಬೇಗ ಬಿಟ್ಟುಕೊಡುತ್ತದೆ. ತಣ್ಣಗಾದ ನೆಲದ ಮೇಲಿನ ತೇವದ ಗಾಳಿ ಸಣ್ಣ ಹನಿಗಳಾಗಿ ನಿಲ್ಲುತ್ತದೆ. ಇದೇ ಮಂಜು. ತಗ್ಗಿನಲ್ಲಿ, ಕಾಲುವೆಯ ಏರಿಯ ಬಳಿಯಲ್ಲಿ ಇದು ದಟ್ಟ. ಹತ್ತು ಹೆಜ್ಜೆ ಮೇಲೇರಿದರೆ ತಿಳಿ. ಮಂಜು ಸಮನಾಗಿ ಹರಡಿದ್ದರೆ ಚಾಲಕರು ತಾವಾಗಿಯೇ ನಿಧಾನಿಸುತ್ತಿದ್ದರು. ಅದು ತುಂಡುತುಂಡಾಗಿ ಇರುವುದರಿಂದಲೇ ಅನಾಹುತ: ತಿಳಿಯಾದ ಜಾಗದ ವೇಗದಲ್ಲಿ ಮುಂದಿನ ಮಂಜಿನೊಳಕ್ಕೆ ನುಗ್ಗುತ್ತಾರೆ.

ಇಲ್ಲಿ ಸೂತ್ರ ಒಂದೇ. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗವೇ ಸರಿಯಾದ ವೇಗ. ಮೂವತ್ತು ಮೀಟರು ಮಾತ್ರ ಕಾಣುತ್ತಿದ್ದರೆ, ನಾವು ಮೊದಲು ನೋಡಿದ ಲೆಕ್ಕದಂತೆ ಒದ್ದೆ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರು ಸರಿ, 40 ಆಗಲೇ ಹೆಚ್ಚು. ದೊಡ್ಡ ದೀಪ ಹಾಕಿದರೆ ಹೆಚ್ಚು ಕಂಡೀತು ಎಂಬುದು ಸುಳ್ಳು. ಮಂಜಿನ ಹನಿಗಳು ಆ ಬೆಳಕನ್ನು ಚಾಲಕನ ಕಣ್ಣಿಗೇ ಹಿಂತಿರುಗಿಸಿ ಬಿಳಿಯ ಗೋಡೆ ಕಟ್ಟುತ್ತವೆ. ಡಿಮ್ ದೀಪ, ನೆಲದ ಕಡೆಗೆ ಬಾಗಿದ ಹಳದಿ ದೀಪ, ರಸ್ತೆಯ ಎಡ ಅಂಚಿನ ಗೆರೆ, ಇವೇ ಆಗ ಆಧಾರ. ಎದುರು ಬರುವ ಎತ್ತಿನ ಗಾಡಿಯ ಗಂಟೆಯೋ ಟ್ರ್ಯಾಕ್ಟರಿನ ಸದ್ದೋ ಕೇಳಿಸಲು ಕಿಟಕಿಯ ಗಾಜನ್ನು ಇಳಿಸಿ, ಹಾಡನ್ನು ನಿಲ್ಲಿಸಬೇಕು. (ರೇಡಿಯೋ ಪತ್ರಿಕೆಯಲ್ಲಿ ಈ ಸಲಹೆ ಕೊಡುವುದು ವಿಚಿತ್ರವೇ, ಆದರೂ ಕೊಡಬೇಕಾದದ್ದು.) ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ಚಹದ ಅಂಗಡಿಯ ಮುಂದೆ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಬಿಸಿಲೇರುವವರೆಗೆ ಕಾಯುವುದು. ನಮ್ಮ ಸೀಮೆಯ ಮಂಜು ಉತ್ತರ ದೇಶದ ಮಂಜಿನಂತೆ ದಿನವಿಡೀ ನಿಲ್ಲುವಂಥದಲ್ಲ. ಸೂರ್ಯ ಒಂದಾಳೆತ್ತರ ಬಂದರೆ ಕರಗುತ್ತದೆ.

ಮಂಜಿನೊಳಗೆ ಏನೇನು ಅಡಗಿರಬಹುದು? ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು, ಅದರ ಹಿಂದೆ ಜೋಡಿಸಿದ ಎರಡು ಟ್ರೈಲರು, ಅವುಗಳಿಂದ ಎರಡೂ ಕಡೆಗೆ ಚಾಚಿಕೊಂಡ ಕಬ್ಬಿನ ಜಲ್ಲೆ. ಕೊಯ್ಲಿನ ಯಂತ್ರ. ಟಾರಿನ ಅರ್ಧಭಾಗಕ್ಕೆ ಒಣಹಾಕಿದ ಭತ್ತ, ಅದರ ಅಂಚಿಗೆ ಸಾಲಾಗಿ ಇಟ್ಟ ಕಲ್ಲು. ರಸ್ತೆಯನ್ನು ಕಣ ಮಾಡಿಕೊಳ್ಳುವುದು ರೈತರಿಗೆ ಅನಿವಾರ್ಯವಾಗಿರಬಹುದು. ಒಳ್ಳೆಯ ಒಣಗು ಕಣ ಎಲ್ಲ ಊರಿನಲ್ಲೂ ಇಲ್ಲ. ಆದರೆ ಗಾಲಿಗೆ ಭತ್ತದ ಕಾಳೂ ಹುಲ್ಲೂ ಹಿಮದ ಅಣ್ಣತಮ್ಮಂದಿರು. ಸಂಜೆಯಾದೊಡನೆ ಕಲ್ಲುಗಳನ್ನಾದರೂ ತೆಗೆದಿಡುವುದು ನೆರೆಯವರಿಗೆ ಮಾಡುವ ಉಪಕಾರ.

ಕಲ್ಲಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಲಾರಿ ಕೆಟ್ಟು ನಿಂತರೆ ನಮ್ಮವರು ಹಿಂದೆ ಮುಂದೆ ನಾಲ್ಕು ದಪ್ಪ ಕಲ್ಲಿಟ್ಟು, ಒಂದು ಸೊಪ್ಪಿನ ಕೊಂಬೆಯನ್ನು ಸಿಕ್ಕಿಸುತ್ತಾರೆ. ರಿಪೇರಿಯಾದ ಮೇಲೆ ಲಾರಿ ಹೋಗುತ್ತದೆ, ಕಲ್ಲು ಉಳಿಯುತ್ತದೆ. ಆ ರಾತ್ರಿ ಅದೇ ದಾರಿಯಲ್ಲಿ ಬರುವ ದ್ವಿಚಕ್ರದವರಿಗೆ ಅದು ಯಾರೋ ಇಟ್ಟು ಮರೆತ ಬಲೆ. ಕೆಂಪು ತ್ರಿಕೋನದ ಪ್ರತಿಫಲಕ ಲಾರಿಯಲ್ಲಿ ಇರಲೇಬೇಕು, ಮತ್ತು ಅದನ್ನು ಲಾರಿಯ ಬುಡದಲ್ಲಲ್ಲ, ಹಿಂದಿನಿಂದ ಬರುವವರಿಗೆ ನಿಲ್ಲಿಸಲು ಹೊತ್ತು ಸಿಗುವಷ್ಟು ದೂರದಲ್ಲಿ ಇಡಬೇಕು. ಐವತ್ತು ಹೆಜ್ಜೆ ಅಳೆದು ಇಟ್ಟರೆ ಕೈಕಾಲಿಗೆ ನೋವೇನೂ ಆಗುವುದಿಲ್ಲ.

ಕಂಪ್ಲಿ, ಗಂಗಾವತಿಗಳ ನಡುವಿನ ಹಳೆಯ ಸೇತುವೆ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಮುಳುಗುವುದು ನಿಮಗೆಲ್ಲ ಗೊತ್ತು. ಭಾರದ ಲಾರಿಯನ್ನು ನೀರು ಏನು ಮಾಡೀತು ಎಂಬ ಧೈರ್ಯ ಅಲ್ಲಿ ಬೇಡ. ಹರಿಯುವ ನೀರಿನಡಿಯಲ್ಲಿ ರಸ್ತೆ ಉಳಿದಿದೆಯೋ ಇಲ್ಲವೋ ಮೇಲಿನಿಂದ ಕಾಣುವುದಿಲ್ಲ.

ಹಂಪೆಯ ದಾರಿಗೆ ಬಂದರೆ ಇನ್ನೊಂದು ಬಗೆಯ ಇಕ್ಕಟ್ಟು. ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೋಗುವ ರಸ್ತೆ ಹಳೆಯ ಕಲ್ಲಿನ ಬಾಗಿಲಿನ ಕೆಳಗೇ ಹಾದುಹೋಗುತ್ತದೆ. ಆನೆ ಕುದುರೆಗಳ ಅಳತೆಗೆ ಕಟ್ಟಿದ್ದು ಅದು, ಟಿಪ್ಪರಿನ ಅಳತೆಗಲ್ಲ. 1986ರಲ್ಲಿ ಹಂಪೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಅದನ್ನು ಅಪಾಯದಲ್ಲಿರುವ ಸ್ಥಳಗಳ ಪಟ್ಟಿಗೆ ಹಾಕಿದಾಗ, ಆನೆಗೊಂದಿಯ ಕಡೆಗೆ ಕಟ್ಟುತ್ತಿದ್ದ ಸೇತುವೆಯಿಂದ ಭಾರೀ ವಾಹನಗಳ ಓಡಾಟ ಹೆಚ್ಚೀತೆಂಬ ಭಯವೂ ಕಾರಣಗಳಲ್ಲಿ ಒಂದಾಗಿತ್ತು. 2006ರಲ್ಲಿ ಆ ಪಟ್ಟಿಯಿಂದ ಹೊರಬಂದಿತು. ಇಲ್ಲಿ ಬಾಳೆಗೊನೆ ತುಂಬುವ ಲಾರಿಯವರೂ ಹೋಟೆಲುಗಳಿಗೆ ಸಾಮಾನು ತರುವವರೂ ನೆನೆಯಬೇಕಾದದ್ದು ಒಂದೇ ಮಾತು: ಪ್ರವಾಸಿಯ ಕಣ್ಣು ಗೋಪುರದ ಮೇಲಿರುತ್ತದೆ, ರಸ್ತೆಯ ಮೇಲಲ್ಲ.

ಇಷ್ಟೆಲ್ಲ ಚಾಲಕರಿಗೆ ಗೊತ್ತಿಲ್ಲವೆ? ಬಹಳ ಮಂದಿಗೆ ಚೆನ್ನಾಗಿ ಗೊತ್ತು. ಗೇರಿನ ವಿಚಾರವನ್ನು ಅವರು ನಮಗೆ ಪಾಠ ಹೇಳಬಲ್ಲರು. ಗೊತ್ತಿದ್ದೂ ನಡೆಸದಂತೆ ಮಾಡುವುದು ಟ್ರಿಪ್ಪಿನ ಲೆಕ್ಕ. ಟ್ರಿಪ್ಪಿಗೆ ಇಷ್ಟು ಎಂದು ಸಂಬಳವಿದ್ದರೆ ನಿಧಾನ ಎಂಬುದು ಮನೆಯ ಅಕ್ಕಿಯಿಂದ ಕೊಡಬೇಕಾದ ದಂಡವಾಗುತ್ತದೆ. ಮಂಜು ಕರಗುವವರೆಗೆ ಕಾದರೆ ತೂಕದ ಸೇತುವೆಯ ಸರದಿ ತಪ್ಪುತ್ತದೆ, ಸರದಿ ತಪ್ಪಿದರೆ ಆ ದಿನದ ಒಂದು ಟ್ರಿಪ್ಪು ತಪ್ಪುತ್ತದೆ. ಹೀಗಿರುವಾಗ ಅಪಘಾತವಾದ ಮೇಲೆ ಚಾಲಕನ ಅಜಾಗರೂಕತೆ ಎಂದು ಒಂದು ಸಾಲು ಬರೆದು ಮುಗಿಸುವುದು ಅರ್ಧ ಸತ್ಯ ಎಂದೇ ನಾನು ಹೇಳುತ್ತೇನೆ.

ಕಾನೂನು ಇದನ್ನು ಬಹಳ ಹಿಂದೆಯೇ ಎಣಿಸಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ಕೆಲಸದ ಮಿತಿ ಇಟ್ಟಿತು. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ವಿರಾಮ ಇರಬೇಕೆಂದಿತು. ಒಂದೆರಡು ಲಾರಿ ಇಟ್ಟುಕೊಂಡವರ ಬಳಿ ಈ ಲೆಕ್ಕ ಇಡುವವರು ಯಾರು? ಬೆಳಗಿನ ಜಾವ ಎರಡರಿಂದ ಐದರವರೆಗೆ ಮನುಷ್ಯನ ಮೈ ನಿದ್ರೆಯನ್ನೇ ಬೇಡುತ್ತದೆ. ಬೀಡಿ, ಚಹ, ಮುಖಕ್ಕೆ ತಣ್ಣೀರು ಇವು ಸ್ವಲ್ಪ ಹೊತ್ತಿನ ಮೋಸ. ಮಂಜೂ ಇಬ್ಬನಿಯೂ ಅದೇ ಹೊತ್ತಿಗೆ ಬೀಳುತ್ತವೆ ಎಂಬುದನ್ನು ಮರೆಯಬೇಡಿ. ರಸ್ತೆ ಅತಿ ಜಾರುವ ಗಳಿಗೆಯೂ ಕಣ್ಣು ಅತಿ ಮುಚ್ಚುವ ಗಳಿಗೆಯೂ ಒಂದೇ. ಆ ಮೂರು ಗಂಟೆ ಲಾರಿ ನಿಲ್ಲಿಸಿ ಮಲಗುವಂತೆ ಮಾಲೀಕರು ಏರ್ಪಾಡು ಮಾಡಿದರೆ ಎಷ್ಟೋ ಮನೆಗಳ ದೀಪ ಉಳಿದೀತು.

ಇನ್ನು ನಮ್ಮ ನಿಮ್ಮ ಪಾಲಿನ ಕೆಲಸ. ಮನೆ ಕಟ್ಟಿಸುವವರು ಮರಳು ಇಟ್ಟಿಗೆಯ ಲಾರಿಗೆ, ಅಂಗಡಿಯವರು ದಿನಸಿಯ ಲಾರಿಗೆ, ನಾವೆಲ್ಲ ಅಡುಗೆ ಅನಿಲದ ಗಾಡಿಗೆ ಕಾಯುವವರೇ. ಬೆಳಗಾಗುವುದರೊಳಗೆ ಬರಲೇಬೇಕು ಎಂದು ಫೋನಿನಲ್ಲಿ ಗದರಿಸುವ ಮೊದಲು ಹೊರಗೆ ಇಣುಕಿ ಎದುರುಮನೆ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಎರಡು ಗಂಟೆ ತಡವಾಗಿ ಬರಲು ನೀವೇ ಹೇಳಿ. ಸಂಡೂರು, ಹೊಸಪೇಟೆಗಳ ರಸ್ತೆಯಲ್ಲಿ ಸ್ಕೂಟರಿನಲ್ಲಿ ಮಕ್ಕಳನ್ನು ಶಾಲೆಗೆ ಕರೆದೊಯ್ಯುವವರು ತಿಳಿದಿರಬೇಕಾದದ್ದು ಒಂದು: ಲಾರಿಯ ಚಾಲಕನಿಗೆ ತನ್ನ ಎಡಬದಿಯ ಹತ್ತಿರವೂ ಬೆನ್ನಿನ ಹಿಂದೆಯೂ ಬಹಳ ಜಾಗ ಕಾಣುವುದೇ ಇಲ್ಲ. ನಿಮಗೆ ಅವನ ಕನ್ನಡಿಯಲ್ಲಿ ಅವನ ಮುಖ ಕಾಣದಿದ್ದರೆ ಅವನಿಗೆ ನೀವೂ ಕಾಣುತ್ತಿಲ್ಲ. ಎಡಕ್ಕೆ ತಿರುಗುವ ಲಾರಿಯ ಎಡಬದಿಗೆ ಎಂದೂ ನುಗ್ಗಬೇಡಿ. ಉದ್ದದ ಗಾಡಿಯ ಹಿಂಗಾಲಿ ಮುಂಗಾಲಿಗಿಂತ ಒಳಕ್ಕೆ ಬರುತ್ತದೆ. ಅದಿರಿನ ಲಾರಿಯ ಮೇಲೆ ತಾಡಪಾಲು ಇಲ್ಲದಿದ್ದರೆ ದೂರ ಉಳಿಯಿರಿ. ಹೊಲವಿರುವವರು ತಮ್ಮ ಟ್ರ್ಯಾಕ್ಟರು, ಬಂಡಿಗಳ ಹಿಂದೆ ರೇಡಿಯಂ ಪಟ್ಟಿ ಅಂಟಿಸಿ. ಅದರ ಬೆಲೆ ಒಂದು ಊಟದ ಬೆಲೆಗಿಂತ ಹೆಚ್ಚಲ್ಲ.

ದಾರಿಯಲ್ಲಿ ಅಪಘಾತವನ್ನು ಕಂಡರೆ ಮುಟ್ಟಲು ಅಂಜಬೇಕಾದ ಕಾಲ ಹೋಯಿತು. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ಹೇಳೆಂದು ಬಲವಂತ ಮಾಡಬಾರದು, ತಡೆದು ನಿಲ್ಲಿಸಬಾರದು ಎಂಬ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆಯ ಮುದ್ರೆ ಒತ್ತಿತು. 2019ರ ತಿದ್ದುಪಡಿಯಲ್ಲಿ ಅದು ಕಾಯಿದೆಗೂ ಸೇರಿತು. 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸು, 112ಕ್ಕೆ ಮಾಡಿದರೆ ಪೊಲೀಸರು, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033. ಈ ಮೂರು ಅಂಕಿಗಳನ್ನು ರೇಡಿಯೋ ಇಟ್ಟ ಗೂಡಿನ ಪಕ್ಕದ ಗೋಡೆಯ ಮೇಲೆ, ಹಾಲಿನ ಲೆಕ್ಕದ ಕ್ಯಾಲೆಂಡರಿನ ಮೇಲ್ಗಡೆ, ದೊಡ್ಡದಾಗಿ ಬರೆದಿಡಿ.